ಮಲೆನಾಡಿನಲ್ಲಿ ವಸಂತದ ಮೊದಲ ಗುರುತು ಹಿಡಿಯುವುದು ಹೇಗೆ? ಹಿತ್ತಲಿನಿಂದ ಕಾನಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಪಂಚಾಂಗ ನೋಡಿಕೊಂಡು ವಸಂತವನ್ನು ಹುಡುಕಲು ಹೊರಟರೆ ಮಲೆನಾಡಿನಲ್ಲಿ ಅದು ಅರ್ಧ ಮುಗಿದೇ ಹೋಗಿರುತ್ತದೆ. ಯುಗಾದಿಯ ಬೇವು ಬೆಲ್ಲ ಬಾಯಿಗೆ ಬೀಳುವ ಹೊತ್ತಿಗೆ ಭದ್ರಾವತಿ ಕಡೆಯ ಮುತ್ತುಗ ಹೂ ಉದುರಿಸುತ್ತಿರುತ್ತದೆ, ಬೂರುಗದಲ್ಲಿ ಕಾಯಿ ಕಟ್ಟಿರುತ್ತದೆ, ಸಾಗರ ಹೊಸನಗರದ ಮನೆಗಳಲ್ಲಿ ಮಾವಿನ ಮಿಡಿ ಉಪ್ಪಿನ ಭರಣಿ ಸೇರಿರುತ್ತದೆ. ಶಾಲೆಯ ಪಾಠದಲ್ಲಿ ಚೈತ್ರ ವೈಶಾಖ ವಸಂತ ಋತು ಎಂದು ಓದಿದವರು ಚೈತ್ರಕ್ಕೆ ಕಾದು ಕುಳಿತರೆ ಮೊದಲ ಗುರುತುಗಳು ಕಣ್ಣಿಗೆ ಬೀಳುವುದೇ ಇಲ್ಲ.

ಯುಗಾದಿಯನ್ನು ನೆಚ್ಚಿಕೊಳ್ಳಲು ಇನ್ನೊಂದು ತೊಡಕೂ ಇದೆ. 2024ರಲ್ಲಿ ಹಬ್ಬ ಬಂದದ್ದು ಏಪ್ರಿಲ್ 9ಕ್ಕೆ. 2026ರಲ್ಲಿ ಮಾರ್ಚ್ 19ಕ್ಕೆ. ಚಂದ್ರನ ಲೆಕ್ಕವಾದ್ದರಿಂದ ಮೂರು ವಾರಗಳಷ್ಟು ಹಿಂದೆ ಮುಂದೆ ಸರಿಯುತ್ತದೆ. ಮರಕ್ಕೆ ತಿಥಿಯ ಹಂಗಿಲ್ಲ. ಅದು ನೋಡುವುದು ಹಗಲಿನ ಉದ್ದ, ರಾತ್ರಿಯ ಚಳಿ, ನೆಲದ ತೇವ. ನಮ್ಮ ರೈತರ ಬಾಯಲ್ಲಿರುವ ಮಳೆ ನಕ್ಷತ್ರಗಳ ಲೆಕ್ಕ ಮಾತ್ರ ಸೂರ್ಯನದು. ರೇವತಿ ಮಾರ್ಚ್ ಕೊನೆಗೆ, ಅಶ್ವಿನಿ ಏಪ್ರಿಲ್ ನಡುವಿಗೆ, ಭರಣಿ ಏಪ್ರಿಲ್ ಕೊನೆಗೆ, ಪ್ರತಿ ವರ್ಷ ಒಂದೆರಡು ದಿನದ ವ್ಯತ್ಯಾಸದಲ್ಲಿ ಬರುತ್ತವೆ. ಮಕರ ಸಂಕ್ರಾಂತಿಯೂ ಹಾಗೆಯೇ. ಹಾಗಾಗಿ ಈ ಕೆಲಸವನ್ನು ಸಂಕ್ರಾಂತಿಯಿಂದ ಆರಂಭಿಸಿ ಭರಣಿ ಮಳೆಯವರೆಗೆ ನಡೆಸುವುದು ಒಳ್ಳೆಯದು.

ಮೊದಲು ತಿಳಿಯಬೇಕಾದದ್ದು

ಚಳಿ ದೇಶಗಳಲ್ಲಿ ವಸಂತವೆಂದರೆ ಹಿಮ ಕರಗಿ ನೀರು ಹರಿಯುವ ಕಾಲ. ಇಲ್ಲಿ ಹಾಗಲ್ಲ, ನೀರು ಹಿಂದೆ ಸರಿಯುವಾಗ ವಸಂತ ಬರುತ್ತದೆ. ಹಳ್ಳ ಬತ್ತುತ್ತಿರುತ್ತದೆ, ರಸ್ತೆಯಲ್ಲಿ ಕೆಂಪು ಧೂಳು ಏಳುತ್ತಿರುತ್ತದೆ, ಒಂದು ಹನಿ ಮಳೆಯಿಲ್ಲ. ಆಗಲೇ ಮರಗಳು ಹೊಸ ಎಲೆ ಬಿಡುತ್ತವೆ. ಆಳದ ಮಣ್ಣಿನ ತೇವವನ್ನೂ ಕಾಂಡದಲ್ಲಿ ಕೂಡಿಟ್ಟ ನೀರನ್ನೂ ಖರ್ಚು ಮಾಡಿ ಚಿಗುರುತ್ತವೆ. ಮಳೆ ಬರುವ ಹೊತ್ತಿಗೆ ಎಲೆ ಬಲಿತು ಸಿದ್ಧವಾಗಿರಬೇಕು. ಒಣಗಾಲದಲ್ಲಿ ಎಲೆ ತಿನ್ನುವ ಹುಳಗಳೂ ಕಡಿಮೆ, ಬಿಸಿಲೂ ಧಾರಾಳ. ಇದು ಗೊತ್ತಿದ್ದರೆ ಎಲೆ ಉದುರುವುದೂ ವಸಂತದ ಗುರುತೇ ಎಂಬುದು ತಿಳಿಯುತ್ತದೆ. ಹೂವನ್ನಷ್ಟೇ ಹುಡುಕುವವರು ಯಾವಾಗಲೂ ತಡವಾಗಿ ತಲುಪುತ್ತಾರೆ.

ಹಂತ 1: ಮೂರು ಜಾಗ, ಐದಾರು ಮರ

ಎಲ್ಲೆಡೆ ಎಲ್ಲವನ್ನೂ ನೋಡುತ್ತೇನೆಂದು ಹೊರಟವರು ಹದಿನೈದು ದಿನಕ್ಕೆ ಬೇಸತ್ತು ಬಿಡುತ್ತಾರೆ. ಮೂರು ಜಾಗ ಸಾಕು. ಒಂದು ಮನೆಯ ಹಿತ್ತಲು. ಪೇಟೆಯಲ್ಲಿದ್ದರೆ ತಾರಸಿಯ ಕುಂಡಗಳು ಮತ್ತು ಬೀದಿಯ ಒಂದು ಮರ. ಎರಡನೆಯದು ನಡೆದು ಹೋಗಿ ಬರಬಹುದಾದ ಒಂದು ದಾರಿ: ಕೆರೆ ಏರಿ, ಗದ್ದೆ ಅಂಚು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಅಂಚು, ಯಾವುದಾದರೂ ಸರಿ. ಮೂರನೆಯದು ಬಸ್ಸಿನಲ್ಲೋ ಬೈಕಿನಲ್ಲೋ ತಿಂಗಳಿಗೊಮ್ಮೆ ಸಾಗುವ ಒಂದು ಉದ್ದ ರಸ್ತೆ.

ಈ ಜಾಗಗಳಲ್ಲಿ ಐದಾರು ಮರಗಳನ್ನು ಗುರುತು ಮಾಡಿಕೊಳ್ಳಿ. ನನ್ನ ಆಯ್ಕೆ ಹೇಳುವುದಾದರೆ ಮಾವು, ಹಲಸು, ಮುತ್ತುಗ ಅಥವಾ ಬೂರುಗ, ಹೊಂಗೆ, ಅರಳಿ, ಜೊತೆಗೆ ಸಿಕ್ಕಿದರೆ ಒಂದು ಸುರಗಿ. ‘ಮಾವಿನ ಮರಗಳು’ ಎಂದು ಸಾರಾಸಗಟಾಗಿ ನೋಡಬೇಡಿ, ಇಂಥದ್ದೇ ಮಾವಿನ ಮರ ಎಂದು ನೋಡಿ. ಪಕ್ಕಪಕ್ಕದ ಎರಡು ಮಾವುಗಳೇ ಒಂದು ತಿಂಗಳ ಅಂತರದಲ್ಲಿ ಹೂ ಬಿಡುವುದುಂಟು.

ಸಲಕರಣೆ ಹೆಚ್ಚೇನೂ ಬೇಡ. ಒಂದು ನೋಟುಪುಸ್ತಕ, ಪೆನ್ಸಿಲ್, ಇದ್ದರೆ 8x42ರ ಬೈನಾಕ್ಯುಲರ್. ಮೊಬೈಲ್ ಕ್ಯಾಮೆರಾ ಮರೆವಿಗೆ ಮದ್ದು, ಅಷ್ಟೇ. ಅದನ್ನು ಹಿಡಿದುಕೊಂಡೇ ನಡೆದರೆ ಕಿವಿ ಕೆಲಸ ಮಾಡುವುದಿಲ್ಲ. ಹೊತ್ತು ಬೆಳಗಿನದೇ ಒಳ್ಳೆಯದು. ಜನವರಿಯಲ್ಲಿ ಸೂರ್ಯ ಏಳು ಗಂಟೆಯ ಹತ್ತಿರಕ್ಕೆ ಹುಟ್ಟಿದರೆ ಮಾರ್ಚ್ ಕೊನೆಗೆ ಆರೂವರೆಗೆ ಹುಟ್ಟುತ್ತಾನೆ, ನಿಮ್ಮ ನಡಿಗೆಯೂ ಹಾಗೆಯೇ ಹಿಂದೆ ಸರಿಯಬೇಕು.

ಹಂತ 2: ಕಾಡಿನಂಚಿಗೆ ಕಾಲಿಡುವ ಮುನ್ನ

ಇದನ್ನು ಕೊನೆಯಲ್ಲಿ ಎಚ್ಚರಿಕೆಯ ಎರಡು ಸಾಲಾಗಿ ಬರೆದು ಮುಗಿಸುವಂತಿಲ್ಲ. ವಸಂತ ನೋಡಲು ಹೋಗುವ ತಿಂಗಳುಗಳೂ ಮಂಗನ ಕಾಯಿಲೆಯ ತಿಂಗಳುಗಳೂ ಒಂದೇ: ಡಿಸೆಂಬರಿನಿಂದ ಮೇ. ಈ ರೋಗ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣ್ಣೆಯ ಕಡಿತದಿಂದ. ಒಣಗಾಲದಲ್ಲಿ ದರಕಿನ (ಉದುರಿದ ಒಣ ಎಲೆಗಳ) ನಡುವೆ ಇರುವ ಉಣ್ಣೆಯ ಮರಿಗಳು ಎಷ್ಟು ಸಣ್ಣವೆಂದರೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ದರಕಿನ ಮೇಲೆ ಕೂರಬೇಡಿ, ಎಷ್ಟೇ ನೆರಳಿರಲಿ. ಮನೆಗೆ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈಯನ್ನು ಒಮ್ಮೆ ಪರೀಕ್ಷಿಸಿಕೊಂಡು ಆಮೇಲೆ ಕಾಫಿಗೆ ಕೂರಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿ. ಕಾಡಿನಂಚಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ರೋಗ ಕಾಣಿಸಿಕೊಂಡ ಊರಿನ ಕಾಡಿಗೆ ಆ ವರ್ಷ ಹೋಗದಿರುವುದೇ ಸರಿ. ವಸಂತ ಹಿತ್ತಲಿಗೂ ಬರುತ್ತದೆ.

ಇನ್ನೆರಡು ಮಾತು. ಕಾಳಿಂಗ ಸರ್ಪಗಳಿಗೆ ಇದು ಕೂಡುವ ಕಾಲ. ಗಂಡುಗಳು ಹೆಣ್ಣನ್ನು ಅರಸಿಕೊಂಡು ಹಗಲಿನಲ್ಲೇ ಓಡಾಡುತ್ತವೆ, ತೋಟಕ್ಕೂ ಬರುತ್ತವೆ. ಕಂಡರೆ ನಿಂತು ಬಿಡಿ, ದಾರಿ ಬಿಡಿ. ಮತ್ತು ಬೆಂಕಿ. ಅರಣ್ಯ ಇಲಾಖೆಯವರು ಕಿಚ್ಚು ಹರಡದಂತೆ ಬೆಂಕಿ ರೇಖೆ ಕಡಿಯುವುದು ಸುಮ್ಮನೆ ಅಲ್ಲ. ಫೆಬ್ರವರಿಯ ಬೆಟ್ಟದಲ್ಲಿ ಒಂದು ಬೀಡಿ ತುಂಡು ಸಾಕು.

ಹಂತ 3: ಹಿತ್ತಲು ಮತ್ತು ತೋಟ

ಮಾವಿನಿಂದ ಆರಂಭಿಸಿ. ಮಾವಿಗೆ ಹೂ ಬರಲು ಚಳಿಯ ರಾತ್ರಿಗಳೂ ಒಣ ಹವೆಯೂ ಬೇಕು. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಕೊಂಬೆಯ ತುದಿಯ ಮೊಗ್ಗು ದಪ್ಪವಾಗುತ್ತದೆ. ಅದು ಒಡೆದಾಗ ಹೂಗೊಂಚಲು ಬಂತೇ ಎಲೆ ಬಂತೇ ಎಂದು ನೋಡಿ. ತುದಿಯಿಂದ ತಾಮ್ರ ಬಣ್ಣದ ಎಳೆ ಎಲೆಗಳೇ ಹೊರಟರೆ ಆ ಕೊಂಬೆ ಆ ವರ್ಷ ಹೂ ಬಿಡುವುದು ಬಹುತೇಕ ಇಲ್ಲ. ಮರವಿಡೀ ಕೆಂಪಾಗಿ ಚಿಗುರಿದ್ದನ್ನು ಕಂಡು ‘ಎಷ್ಟು ಚೆಂದ’ ಎನ್ನುವವರ ಪಕ್ಕದಲ್ಲೇ ಮನೆಯ ಹಿರಿಯರು ‘ಈ ಸಲ ಕಾಯಿ ಇಲ್ಲ’ ಎಂದು ಗೊಣಗುವುದು ಇದಕ್ಕೇ. ಹೂ ಬಂದ ಮೇಲೆ ಕಾಟ ಇಬ್ಬನಿಯದು. ದಟ್ಟ ಇಬ್ಬನಿ ಕೂತು ಬಿಸಿಲು ತಡವಾಗಿ ಬಂದರೆ ಬೂದಿ ರೋಗ ಬಂದು ಹೂ ಕರಟುತ್ತದೆ, ಜಿಗಿಹುಳವೂ ಸೇರಿಕೊಳ್ಳುತ್ತದೆ. ಆದ್ದರಿಂದ ಮಾವಿನ ಮರದ ಪುಟದಲ್ಲಿ ಇಬ್ಬನಿ ಬಿದ್ದ ದಿನಗಳನ್ನೂ ಬರೆಯುತ್ತಾ ಹೋಗಿ. ಇಬ್ಬನಿ ತೆಳುವಾಗಿ, ಎಂಟು ಗಂಟೆಗೆ ಮುನ್ನವೇ ಅಂಗಳ ಒಣಗಲು ಶುರುವಾದ ವಾರವೇ ಚಳಿಗಾಲದ ಬೆನ್ನು ಮುರಿದ ವಾರ.

ಉಪ್ಪಿನಕಾಯಿಗೆ ಹೆಸರಾದ ಪರಿಮಳದ ಮಾವು ಅಪ್ಪೆಮಿಡಿ. ಅದರ ಮರಗಳು ಹೆಚ್ಚಾಗಿ ಹೊಳೆ ಹಳ್ಳದ ದಂಡೆಯವು. ಮಿಡಿ ಬಲಿಯುವುದಕ್ಕೆ ಮೊದಲೇ, ಗೊರಟು ಗಟ್ಟಿಯಾಗುವ ಮುನ್ನ ಕೊಯ್ಯಬೇಕು. ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಪರಿಮಳದಲ್ಲೇ ಅದರ ಜಾತಿ ಗೊತ್ತಾಗುತ್ತದೆ. ಕೊಯ್ಯಲು ಸೋಮಾರಿತನ ಮಾಡಿ ಕೊಂಬೆಯನ್ನೇ ಕಡಿದು ಕೆಡಹುವವರನ್ನು ಕಂಡರೆ ನನಗೆ ತಡೆಯಲಾರದ ಸಿಟ್ಟು ಬರುತ್ತದೆ. ಅಜ್ಜನ ಕಾಲದ ಮರಗಳು ಹೊಳೆದಂಡೆಯಿಂದ ಮರೆಯಾದದ್ದರಲ್ಲಿ ಇಂಥವರ ಪಾಲೂ ಇದೆ.

ಹಲಸಿನಲ್ಲಿ ಹೊಸಬರು ತಪ್ಪು ತಿಳಿಯುವುದು ಹೆಚ್ಚು. ಜನವರಿ ಫೆಬ್ರವರಿಯಲ್ಲಿ ಮರದ ಕೆಳಗೆ ಕಪ್ಪುಗಟ್ಟಿದ ಸಣ್ಣ ಸಣ್ಣ ಮಿಡಿಗಳು ಉದುರಿ ಬಿದ್ದಿರುತ್ತವೆ. ಕಾಯಿ ಉದುರಿತೆಂದು ಗಾಬರಿ ಬೇಡ. ಅವು ಗಂಡು ಹೂಗೊಂಚಲುಗಳು. ಪರಾಗ ಚೆಲ್ಲಿ ಕೆಲಸ ಮುಗಿದ ಮೇಲೆ ಬೂಸು ಹಿಡಿದು ಬೀಳುವುದೇ ಅವುಗಳ ಧರ್ಮ. ಹೆಣ್ಣು ಗೊಂಚಲಿನ ತೊಟ್ಟು ದಪ್ಪ, ಮಿಡಿ ಕೂರುವ ಜಾಗದಲ್ಲಿ ಹಸಿರು ಉಂಗುರವೊಂದು ಸುತ್ತಿಕೊಂಡಿರುತ್ತದೆ. ಆ ಉಂಗುರ ಕಂಡರೆ ಮುಂದೆ ಗುಜ್ಜೆ (ಎಳೆ ಹಲಸಿನಕಾಯಿ) ಪಲ್ಯಕ್ಕೆ ಅವಕಾಶವಿದೆ ಎಂದರ್ಥ.

ಇನ್ನು ಅಡಿಕೆ ತೋಟ. ಕೊಯ್ಲು, ಬೇಯಿಸುವುದು, ಒಣಗಿಸುವುದು ಎಂದು ಎಲ್ಲರೂ ಅಂಗಳದತ್ತಲೇ ಮುಖ ಮಾಡಿರುವಾಗ ತೋಟದಲ್ಲಿ ಮುಂದಿನ ಫಸಲು ಸದ್ದಿಲ್ಲದೆ ಆರಂಭವಾಗಿರುತ್ತದೆ. ಒಣಗಿದ ಹಾಳೆ ಕಳಚಿ ಬೀಳುತ್ತದೆ, ಅದು ಮುಚ್ಚಿಟ್ಟಿದ್ದ ಹೊಂಬಾಳೆ ಹೊರಗೆ ಕಾಣುತ್ತದೆ, ಕೆಲವು ದಿನಗಳಲ್ಲಿ ಅದು ಸೀಳಿ ಒಳಗಿನ ಹೂಗೊಂಚಲು, ಅಂದರೆ ಸಿಂಗಾರ, ಬಿಚ್ಚಿಕೊಳ್ಳುತ್ತದೆ. ಮೊದಲು ಅರಳುವುದು ಎಳೆಗಳ ತುಂಬ ಇರುವ ಸಣ್ಣ ಗಂಡು ಹೂಗಳು. ಅವು ಉದುರಿದ ಮೇಲೆ ಬುಡದ ಹೆಣ್ಣು ಹೂಗಳ ಸರದಿ. ಬೆಳಿಗ್ಗೆ ತೋಟದ ಕಾಲುದಾರಿಯಲ್ಲಿ ಅಕ್ಕಿ ಚೆಲ್ಲಿದ ಹಾಗೆ ಹೂ ಬಿದ್ದಿದ್ದರೆ ತಲೆಯೆತ್ತಿ ನೋಡಿ. ಆ ಪರಿಮಳ ತಿಳಿದವರಿಗೆ ಬೇರೆ ಗುರುತು ಬೇಕಿಲ್ಲ.

ಜೇನು ಪೆಟ್ಟಿಗೆ ಇದ್ದವರು ಅದೃಷ್ಟವಂತರು. ತುಡುವೆ ಜೇನಿನ ಬಾಗಿಲಲ್ಲಿ ಕೂತು ಹುಳಗಳ ಹಿಂಗಾಲಿನ ಪರಾಗದ ಉಂಡೆಗಳನ್ನು ಗಮನಿಸಿ. ಉಂಡೆ ಹೆಚ್ಚಾದರೆ, ಬಣ್ಣ ಬದಲಾದರೆ, ಸುತ್ತಲಿನ ಕಾಡಿನಲ್ಲಿ ಹೊಸತೇನೋ ಅರಳಿದೆ. ನಿಮಗಿಂತ ಮೊದಲೇ ಅವಕ್ಕೆ ಗೊತ್ತಾಗಿರುತ್ತದೆ. ಆಹಾರ ಸಮೃದ್ಧವಾದಾಗ ಕುಟುಂಬ ಪಾಲಾಗುತ್ತದೆ. ಹಳೆಯ ರಾಣಿ ಒಂದು ಪಾಲು ಹುಳಗಳೊಂದಿಗೆ ಹೊರಬಿದ್ದು ಯಾವುದೋ ಕೊಂಬೆಗೆ ಮುದ್ದೆಯಾಗಿ ಜೋತು ಬೀಳುತ್ತದೆ. ನಮ್ಮ ಕಡೆ ಜನವರಿಯಿಂದ ಮಾರ್ಚಿನೊಳಗೆ ಇದನ್ನು ಕಾಣುವುದು ಹೆಚ್ಚು. ವಸಂತದ ಗುರುತುಗಳಲ್ಲಿ ಇದನ್ನು ನಾನು ಕೋಗಿಲೆಗಿಂತ ಮೇಲೆ ಇಡುತ್ತೇನೆ.

ಹೂಗಿಡಗಳ ಕಡೆ ಬೇಗ ಕಣ್ಣಾಡಿಸಿದರೆ ಸಾಕು. ಸೇವಂತಿಗೆಯ ಕಾಲ ಮುಗಿಯುತ್ತದೆ. ಚಳಿಯಲ್ಲಿ ಸವರಿ ನೀರು ಕಡಿಮೆ ಮಾಡಿದ್ದ ದುಂಡುಮಲ್ಲಿಗೆ ಮತ್ತೆ ಚಿಗುರಿ, ಬಿಸಿಲು ಏರಿದಂತೆ ಮೊಗ್ಗು ಕಟ್ಟುತ್ತದೆ. ಬೇಲಿಯ ಗೊಬ್ಬರದ ಗಿಡ ಎಲೆಯೆಲ್ಲ ಉದುರಿಸಿ ಕೋಲಿನಂಥ ಕೊಂಬೆಯ ಉದ್ದಕ್ಕೂ ತಿಳಿ ಗುಲಾಬಿ ಹೂ ತಾಳುತ್ತದೆ. ಅದು ಮಧ್ಯ ಅಮೆರಿಕದಿಂದ ಬಂದ ಗಿಡ, ಆದರೂ ನಮ್ಮ ಒಣಗಾಲದ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದಿಕೊಂಡಿದೆ.

ಅಡುಗೆ ಮನೆಯನ್ನೂ ಬಿಡಬೇಡಿ. ಸೀಬೆ ಕುಡಿ, ನೇರಳೆ ಕುಡಿ, ದಾಳಿಂಬೆ ಕುಡಿ ಎಂದು ತಂಬುಳಿಯ ಹೆಸರು ಬದಲಾಗುತ್ತಾ ಹೋಗುವುದು ಚಿಗುರಿನ ದಿನಚರಿಯೇ. ಯಾವ ದಿನ ಯಾವ ಕುಡಿ ಕೊಯ್ದರು ಎಂದು ಅಮ್ಮನನ್ನೋ ಅತ್ತೆಯನ್ನೋ ಕೇಳಿ ಬರೆದಿಡಿ. ಗುರುತಿಲ್ಲದ ಗಿಡದ ಕುಡಿಯನ್ನು ಮಾತ್ರ ಪ್ರಯೋಗಕ್ಕೂ ಬಾಯಿಗೆ ಹಾಕಬೇಡಿ.

ಹಂತ 4: ಎಲೆಯನ್ನು ಓದುವುದು

ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವ ಸದ್ದು ಕೇಳಿದರೆ ಆಟ ಶುರುವಾಯಿತು ಎಂದು ತಿಳಿಯಿರಿ. ಕೊಟ್ಟಿಗೆಗೆ, ತೋಟದ ಬುಡಕ್ಕೆ ಬೇಕಾದ ಒಣ ಎಲೆ ಕೂಡುವುದು ಈ ದಿನಗಳಲ್ಲೇ. ಯಾವ ಮರ ಮೊದಲು ಬರಿದಾಯಿತು ಎಂದು ದರಕು ಗುಡಿಸುವವರನ್ನು ಕೇಳಿ, ಅವರ ಕಣ್ಣು ನಮ್ಮ ಕಣ್ಣಿಗಿಂತ ಪಳಗಿದ್ದು. ನಂದಿ ಮರ ಬೋಳಾದಾಗ ಅದರ ನುಣುಪಾದ ಬಿಳಿಚು ಕಾಂಡ ದೂರದಿಂದಲೇ ಎದ್ದು ಕಾಣುತ್ತದೆ. ಬರಿದಾದ ಮರಗಳ ಎಣಿಕೆಗೆ ಇದಕ್ಕಿಂತ ಸುಲಭದ ಮರ ಇಲ್ಲ.

ಆಮೇಲೆ ಚಿಗುರು. ಮಲೆನಾಡಿನ ಚಿಗುರು ಹಸಿರಲ್ಲ, ಕೆಂಪು. ದಾಲ್ಚಿನ್ನಿಯ ಎಳೆ ಎಲೆ ಕುಂಕುಮ ಕೆಂಪು, ನಾಗಸಂಪಿಗೆಯದು ಕಡುಗೆಂಪಾಗಿ ಜೋತು ಬಿದ್ದಿರುತ್ತದೆ, ಅಶೋಕದ್ದು ತಾಮ್ರ ಬಣ್ಣದ ಕುಚ್ಚು, ಅರಳಿಯದು ತಿಳಿ ಗುಲಾಬಿಗೆ ತಿರುಗಿದ ಕಂದು. ಸಾಗಡೆ ಮರ ಚಿಗುರಿದರೆ ಹೂವೇ ಬಂತೆಂದು ದೂರದಿಂದ ಮೋಸ ಹೋಗುತ್ತೇವೆ. ಎಳೆ ಎಲೆಯಲ್ಲಿ ಹರಿತ್ತು (ಕ್ಲೋರೊಫಿಲ್) ಇನ್ನೂ ತುಂಬಿರುವುದಿಲ್ಲ. ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ತೀಕ್ಷ್ಣ ಬಿಸಿಲಿನಿಂದ ಅದನ್ನು ಕಾಯುತ್ತದೆ, ಎಲೆ ತಿನ್ನುವ ಹುಳಗಳಿಂದಲೂ ಕಾಪಾಡುತ್ತದೆ ಎನ್ನುತ್ತಾರೆ ಸಸ್ಯ ವಿಜ್ಞಾನಿಗಳು. ಎಲೆ ಬಲಿತಂತೆ ಹಸಿರು ಮೇಲುಗೈ ಪಡೆಯುತ್ತದೆ. ಹೊಂಗೆ ಈ ಕೆಂಪಿನ ಗೊಡವೆಗೆ ಹೋಗದೆ ನೇರವಾಗಿ ಮಿರುಗುವ ತಿಳಿ ಹಸಿರಿಗೆ ಇಳಿಯುತ್ತದೆ. ಮಾರ್ಚ್ ಹೊತ್ತಿಗೆ ಮೇಲೆ ಎಳೆ ಹಸಿರು, ಕೆಳಗೆ ಉದುರಿದ ಹೂವಿನ ಹಾಸು.

ಎಳೆ ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿ. ಬಟ್ಟೆಯಂತೆ ಮಡಚಿದರೆ ಹೊಸತು, ಮಡಚಿದಲ್ಲಿ ಗೆರೆ ಮೂಡಿ ಸೀಳಿದರೆ ಬಲಿತಿದೆ. ಬಣ್ಣಕ್ಕಿಂತ ಈ ಪರೀಕ್ಷೆ ನಂಬಿಕೆಗೆ ಅರ್ಹ. ಎಲೆಯ ಕೆಳಗೆ ಮೊಟ್ಟೆ, ಸಣ್ಣ ಕಂಬಳಿಹುಳ ಕಂಡರೆ ಅದನ್ನೂ ಬರೆಯಿರಿ. ಹಕ್ಕಿಗಳು ಮರಿ ಮಾಡುವುದು ಆ ಹುಳಗಳ ಲೆಕ್ಕಾಚಾರದ ಮೇಲೆಯೇ.

ಹಂತ 5: ಕಿವಿಗೆ ಕೆಲಸ

ವಸಂತವೆಂದರೆ ಕೋಗಿಲೆ ಎಂದು ಕವಿಗಳೆಲ್ಲ ಸೇರಿ ತೀರ್ಮಾನಿಸಿಬಿಟ್ಟಿದ್ದಾರೆ. ನನ್ನ ಮತ ಮಡಿವಾಳ ಹಕ್ಕಿಗೆ. ಕಪ್ಪು ಬಿಳುಪಿನ ಈ ಹಕ್ಕಿ ಚಳಿಗಾಲವಿಡೀ ಹಿತ್ತಲಿನಲ್ಲೇ ಇರುತ್ತದೆ, ಆದರೆ ಹಾಡುವುದಿಲ್ಲ. ಒರಟಾದ ಒಂದೆರಡು ಸದ್ದು ಮಾಡಿಕೊಂಡು ಪೊದೆಯ ಕೆಳಗೆ ಹುಳ ಹೆಕ್ಕುತ್ತಿರುತ್ತದೆ. ಫೆಬ್ರವರಿ ಕಳೆಯುವ ಹೊತ್ತಿಗೆ ಒಂದು ದಿನ, ಇನ್ನೂ ಕತ್ತಲಿರುವಾಗಲೇ, ಗಂಡು ಹಕ್ಕಿ ಮನೆಯ ಎತ್ತರದ ತುದಿಯಲ್ಲಿ ಕೂತು ಉದ್ದನೆಯ ಹಾಡು ತೆಗೆಯುತ್ತದೆ. ಹಾಡಿಲ್ಲದ ದಿನಕ್ಕೂ ಹಾಡಿನ ದಿನಕ್ಕೂ ನಡುವಿನ ಗೆರೆ ಅಷ್ಟು ಸ್ಪಷ್ಟವಾಗಿರುವುದರಿಂದಲೇ ಇದು ಒಳ್ಳೆಯ ಗುರುತು.

ಕುಟ್ರ ಹಕ್ಕಿ ‘ಕುಟ್ರೂ ಕುಟ್ರೂ’ ಎಂದು ಡಿಸೆಂಬರಿನಲ್ಲೇ ಶುರು ಹಚ್ಚಿಕೊಳ್ಳುವುದರಿಂದ ಅದರ ಮೊದಲ ಕೂಗು ಹೆಚ್ಚೇನೂ ಹೇಳುವುದಿಲ್ಲ. ಒಣ ಕೊಂಬೆಯಲ್ಲಿ ಅದು ಪೊಟರೆ ಕೊರೆಯುವುದನ್ನು ಕಂಡರೆ ದಿನ ಬರೆಯಿರಿ. ಅದರ ಚಿಕ್ಕ ಬಂಧು ಕಂಚುಗಾರ ಹಕ್ಕಿ ಚಳಿಯಲ್ಲಿ ಮೌನಿ. ಬಿಸಿಲು ಏರಿದ ಮೇಲೆ ನಡು ಮಧ್ಯಾಹ್ನ ‘ಟಂಕ್ ಟಂಕ್’ ಎಂದು ಬಿಡದೆ ಬಡಿಯುತ್ತದೆ. ಶಿವಮೊಗ್ಗ ಪೇಟೆಯ ಒಳಗೂ ಕೇಳುವ ಸದ್ದಿದು. ಕೋಗಿಲೆಯಲ್ಲಿ ಗಂಡು ಕಪ್ಪು, ‘ಕುಹೂ’ ಅದರದು. ಚುಕ್ಕೆ ಚುಕ್ಕೆಯ ಹೆಣ್ಣಿನದು ‘ಕಿಕ್ ಕಿಕ್ ಕಿಕ್’ ಎಂಬ ಚುರುಕು ಕೂಗು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡಬೇಕಾದ ಕಾರಣ ಕಾಗೆ ಗೂಡು ಕಟ್ಟುವವರೆಗೂ, ಅದರ ನಂತರವೂ ಕೂಗುತ್ತಲೇ ಇರುತ್ತದೆ. ಮೊದಲ ಕೂಗಿಗೆ ಬೆಲೆಯುಂಟು, ಏಪ್ರಿಲ್ಲಿನ ನೂರನೆಯ ಕೂಗಿಗೆ ಇಲ್ಲ.

ಕಾನಿನ, ಅಂದರೆ ದಟ್ಟ ಕಾಡಿನ, ಅಂಚಿನಲ್ಲಿದ್ದರೆ ಮಂಗಟ್ಟೆಗಳನ್ನು (ಹಾರ್ನ್‌ಬಿಲ್) ಗಮನಿಸಿ. ಜನವರಿಯಲ್ಲಿ ಜೋಡಿಯಾಗಿ ಹಾರುತ್ತಿದ್ದವು ಕೆಲ ವಾರಗಳ ನಂತರ ಒಂಟಿಯಾಗಿ ಕಾಣತೊಡಗಿ, ಆ ಒಂದೇ ಗಂಡು ಹಣ್ಣಿನ ಮರಕ್ಕೂ ಕಾಡಿನ ಒಂದೇ ದಿಕ್ಕಿಗೂ ಮತ್ತೆ ಮತ್ತೆ ಓಡಾಡುತ್ತಿದ್ದರೆ, ಹೆಣ್ಣು ಪೊಟರೆ ಸೇರಿದೆ. ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಂಡು, ಸಣ್ಣ ಸೀಳಿನಿಂದ ಬರುವ ಹಣ್ಣಿನ ಮೇಲೆ ಅದು ಬದುಕುತ್ತಿರುತ್ತದೆ. ಗೂಡು ಹುಡುಕಿಕೊಂಡು ಹೋಗಬೇಡಿ. ಫೋಟೋಗಾಗಿ ಗಂಡನ್ನು ತಡೆದರೆ ಒಳಗಿನ ಹೊಟ್ಟೆಗಳು ಖಾಲಿ.

ಬರುವವರ ಜೊತೆ ಹೋಗುವವರ ಲೆಕ್ಕವೂ ಇರಲಿ. ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆ, ಮುಸ್ಸಂಜೆಗೆ ಎರಡು ಸ್ವರದ ಶಿಳ್ಳೆ ಹಾಕುತ್ತಿದ್ದ ನವರಂಗ, ಇವೆಲ್ಲ ಉತ್ತರಕ್ಕೆ ಮರಳುತ್ತವೆ. ಕೊನೆಯ ಬಾರಿ ಕಂಡ ದಿನ ಆ ದಿನವೇ ಗೊತ್ತಾಗುವುದಿಲ್ಲವಲ್ಲ, ಹಾಗಾಗಿ ಕಂಡಾಗಲೆಲ್ಲ ಬರೆಯುವುದೊಂದೇ ದಾರಿ.

ಹಂತ 6: ಪೂರ್ವದಿಂದ ಪಶ್ಚಿಮಕ್ಕೆ ಒಂದು ರಸ್ತೆ

ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗುವ ರಸ್ತೆ ಸುಮಾರು 90 ಕಿಲೋಮೀಟರ್. ಎಲೆ ಉದುರುವ ಒಣ ಕಾಡಿನಿಂದ ಹೊರಟು, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ನಿತ್ಯಹರಿದ್ವರ್ಣದ ಕಾಡಿಗೆ ಒಂದೇ ಬೆಳಿಗ್ಗೆಯಲ್ಲಿ ತಲುಪಿಸುವ ದಾರಿ ಇದು. ಬಸ್ಸಿನ ಕಿಟಕಿಯ ಸೀಟು ಸಾಕು. ಫೆಬ್ರವರಿಯಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ಹೋಗಿ ಬನ್ನಿ.

ಪೂರ್ವದ ಕಡೆ ಎದ್ದು ಕಾಣುವುದು ಎಲೆಯಿಲ್ಲದ ಕೆಂಪು ಮರಗಳು. ಮೂರನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿಯಿರಿ. ಬೂರುಗ ನೇರವಾಗಿ ಎತ್ತರಕ್ಕೆ ಬೆಳೆದು ಕೊಂಬೆಗಳನ್ನು ಸುತ್ತಲೂ ಅಡ್ಡಡ್ಡ ಚಾಚುತ್ತದೆ. ಹೂವಿಗೆ ದಪ್ಪನೆಯ ಐದು ಎಸಳು; ಬಿದ್ದರೆ ‘ತಪ್’ ಎಂದು ಸದ್ದಾಗುತ್ತದೆ. ರಾತ್ರಿ ಬಾವಲಿ, ಬೆಳಿಗ್ಗೆ ಮೈನಾ, ಪಿಕಳಾರ, ಭೀಮರಾಜ, ಬಿದ್ದ ಹೂವಿಗೆ ಜಿಂಕೆ: ಊಟದ ಮನೆಯಂಥ ಮರ. ಮುತ್ತುಗ ಗಿಡ್ಡ, ಕಾಂಡ ಸೊಟ್ಟ. ಗಿಣಿ ಕೊಕ್ಕಿನ ಕಿತ್ತಳೆ ಹೂವಿಗೆ ಕಪ್ಪು ಮಖಮಲ್ಲಿನ ತೊಟ್ಟು. ಶಿವರಾತ್ರಿಯ ಪೂಜೆಗೂ ಹೋಳಿಯ ಬಣ್ಣಕ್ಕೂ ಇದರ ಹೂ ಒದಗುತ್ತದೆ. ಭದ್ರಾವತಿ, ಶಿಕಾರಿಪುರದ ಬಯಲಲ್ಲಿ ಇದು ಹೆಚ್ಚು, ಘಟ್ಟದಂಚಿಗೆ ಹೋದಂತೆ ವಿರಳ. ಹಾಲುವಾಣ ಬೇಲಿಯಲ್ಲೂ ಮೆಣಸಿನ ಬಳ್ಳಿಯ ಆಸರೆಗೂ ನೆಟ್ಟ ಮರ. ಕೊಂಬೆಯ ತುದಿಯಲ್ಲಷ್ಟೇ ಕಡುಗೆಂಪು ಹೂವಿನ ಗೊಂಚಲು.

ಆಗುಂಬೆ ತಲುಪಿದವರು ‘ಇಲ್ಲಿ ಎಲ್ಲ ಹಸಿರೇ, ವಸಂತ ಎಲ್ಲಿ’ ಎಂದು ಕೇಳುತ್ತಾರೆ. ಘಟ್ಟದ ತಿರುವಿನಲ್ಲಿ ನಿಂತು ಕಾಡಿನ ಮೇಲ್ಭಾಗವನ್ನು ಕೆಳಮುಖವಾಗಿ ನೋಡಿ. ಹಸಿರಿನ ನಡುವೆ ಕೆಂಪು, ಕಂದು, ಹಳದಿ ತಲೆಗಳು ಅಲ್ಲಲ್ಲಿ ಕಾಣುತ್ತವೆ, ಅವೆಲ್ಲ ಚಿಗುರು. ಇಲ್ಲಿ ಕಾಡೆಲ್ಲ ಒಟ್ಟಿಗೆ ಎಲೆ ಬದಲಿಸುವುದಿಲ್ಲ, ಮರ ಮರವೂ ತನ್ನ ಸರದಿಗೆ ಬದಲಿಸುತ್ತದೆ.

ದಾರಿಯಲ್ಲಿ ಸುರಗಿಯ ಮರವಿರುವ ಮನೆ ಗೊತ್ತಿದ್ದರೆ ನಿಲ್ಲಿ. ಎಲೆಯಿಲ್ಲದ ಹಳೆ ರೆಂಬೆಗಳಿಗೇ ಅಂಟಿಕೊಂಡು ಬರುವ ಮೊಗ್ಗನ್ನು ಅರಳುವ ಮುನ್ನ ಬಿಡಿಸಿ ಪೋಣಿಸುತ್ತಾರೆ. ಒಣಗಿದರೂ ವಾಸನೆ ಹೋಗದ ಹೂ.

ಹಂತ 7: ನಂಬಬಾರದ ಗುರುತುಗಳು

ಅಕೇಶಿಯಾ ನೆಡುತೋಪು ವರ್ಷವಿಡೀ ಒಂದೇ ಮುಖ ಹೊತ್ತಿರುತ್ತದೆ. ಅದರಿಂದ ಋತು ತಿಳಿಯಲು ಹೊರಟರೆ ಏನೂ ಸಿಗುವುದಿಲ್ಲ. ಪೇಟೆಯ ರಸ್ತೆಬದಿಯ ತಬೂಬಿಯಾ ಗುಲಾಬಿ ಹಳದಿಯಾಗಿ ಕಣ್ಣು ತುಂಬುತ್ತದೆ ನಿಜ, ಆದರೆ ಗಿಡದಿಂದ ಗಿಡಕ್ಕೆ ಅದರ ಕಾಲ ಬಹಳ ಏರುಪೇರು. ತೇಗ ಚಿಗುರುವುದೇ ತಡ, ಹೂ ಬಿಡುವುದು ಮಳೆಗಾಲಕ್ಕೆ. ಕಕ್ಕೆ, ಹೊಳೆ ದಾಸವಾಳ, ಗುಲ್‌ಮೊಹರ್ ಚೆಲುವಾದರೂ ಬೇಸಿಗೆಯ ಹೂಗಳು, ಮೊದಲ ಗುರುತುಗಳಲ್ಲ.

ಮಂಡಗದ್ದೆಯಲ್ಲಿ ಹಕ್ಕಿಗಳ ಗೂಡು ನೋಡಲು ಮಾರ್ಚಿನಲ್ಲಿ ಹೋದವರು ಬರಿಯ ಹೊಳೆ ನೋಡಿ ಬರುತ್ತಾರೆ. ತುಂಗೆಯ ನಡುಗಡ್ಡೆಯ ಬೆಳ್ಳಕ್ಕಿ, ನೀರುಕಾಗೆಗಳೂ ಸೊರಬದ ಗುಡವಿಯ ಹಕ್ಕಿಗಳೂ ಸಂಸಾರ ಹೂಡುವುದು ಮಳೆಗಾಲದಲ್ಲಿ. ನೀರು ಹಕ್ಕಿಗೆ ವಸಂತ ಬೇರೆ, ಹಿತ್ತಲ ಹಕ್ಕಿಗೆ ಬೇರೆ.

ಹಂತ 8: ಬರೆದಿಡುವ ಕ್ರಮ

ವಾರಕ್ಕೊಂದು ದಿನ ಗೊತ್ತುಮಾಡಿ, ಪ್ರತಿ ಮರಕ್ಕೂ ಒಂದು ಸಾಲು ಬರೆಯಿರಿ: ಎಳೆ ಎಲೆ, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಅರಳಿದ ಹೂ, ಕಾಯಿ. ಪ್ರತಿಯೊಂದಕ್ಕೂ ‘ಇಲ್ಲ, ಸ್ವಲ್ಪ, ಹೆಚ್ಚು’ ಎಂಬ ಮೂರೇ ಉತ್ತರ. ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಸ್ವಲ್ಪ, ಮೀರಿದ್ದರೆ ಹೆಚ್ಚು. ‘ಇಲ್ಲ’ ಎಂದು ಬರೆಯಲು ಎಲ್ಲರಿಗೂ ಉದಾಸೀನ. ಆದರೆ ಕಳೆದ ವಾರ ಇಲ್ಲ ಎಂದು ಬರೆದಿದ್ದರೆ ಮಾತ್ರ ಈ ವಾರದ್ದು ಮೊದಲ ಹೂ ಎಂದು ಹೇಳಲು ಸಾಧ್ಯ. ದಿನಾಂಕದ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆದರೆ ಹಿರಿಯರ ಜೊತೆ ತಾಳೆ ನೋಡುವುದು ಸುಲಭ, ಅವರ ನೆನಪು ಇಸವಿಯಲ್ಲಿ ಇರುವುದಿಲ್ಲ. ನಿಮ್ಮ ಮರದ ಲೆಕ್ಕ ದೇಶದ ಬೇರೆ ಕಡೆಯ ಲೆಕ್ಕದೊಡನೆ ಸೇರಬೇಕೆಂದಿದ್ದರೆ ಸೀಸನ್‌ವಾಚ್ ಎಂಬ ಜನವಿಜ್ಞಾನ ಯೋಜನೆಯಿದೆ. ಅಲ್ಲಿಯೂ ಒಂದು ಮರ ಆಯ್ದುಕೊಂಡು ವಾರಕ್ಕೊಮ್ಮೆ ಇದೇ ಬಗೆಯ ವಿವರ ದಾಖಲಿಸುತ್ತಾರೆ. ಶಾಲೆಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಹಂತ 9: ಮೊದಲ ಮಳೆಗೆ ಕಾಯುವುದು

ಮಾರ್ಚ್ ಏಪ್ರಿಲ್ಲಿನಲ್ಲಿ ಸಂಜೆಗೆ ಮೋಡ ಕಟ್ಟಿ, ಗುಡುಗಿ, ಬಹುಪಾಲು ಸಲ ಹಾಗೆಯೇ ಚದುರುತ್ತದೆ. ಒಂದು ದಿನ ಸುರಿಯುತ್ತದೆ. ಮರುದಿನವೇ ನಡಿಗೆಗೆ ಹೊರಡಿ, ಸೋಮಾರಿತನ ಬೇಡ. ಜೀರುಂಡೆಗಳ ಕೂಗು ಕಿವಿ ಗಡಚಿಕ್ಕುವಷ್ಟು ಏರಿರುತ್ತದೆ, ಸಂಜೆ ದೀಪಕ್ಕೆ ರೆಕ್ಕೆ ಬಂದ ಗೆದ್ದಲು ಮುತ್ತುತ್ತದೆ. ಕೆಲ ದಿನ ಬಿಟ್ಟು ಬರಿ ನೆಲವನ್ನು ನೋಡುತ್ತಾ ನಡೆಯಿರಿ: ಎಲೆಯೊಂದೂ ಇಲ್ಲದೆ ನೆಲಸಂಪಿಗೆಯ ಹೂ ಮಣ್ಣಿನಿಂದ ನೇರವಾಗಿ ಮೇಲೆದ್ದಿರುತ್ತದೆ.

ಕಾಫಿ ತೋಟಗಳಿಗೆ ಈ ಮಳೆ ಹೂಮಳೆ. ತಿಂಗಳುಗಟ್ಟಲೆ ಒಣಗಿ ಕಾದಿದ್ದ ಮೊಗ್ಗು ಒಳ್ಳೆಯ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಒಟ್ಟಿಗೆ ಬಿರಿಯುತ್ತದೆ. ರೊಬಸ್ಟಾ ಮುಂಚೆ, ಅರೇಬಿಕಾ ಆಮೇಲೆ. ಮೊಗ್ಗು ನೆನೆಯುವಷ್ಟು ಮಾತ್ರ ಹನಿ ಬಿದ್ದು ನಿಂತರೆ ಹೂ ಸರಿಯಾಗಿ ಬಿಚ್ಚುವುದಿಲ್ಲ, ಅದಕ್ಕೇ ಬೆಳೆಗಾರರು ಮಳೆಮಾಪಕದ ಮುಂದೆ ಅಷ್ಟು ಆತಂಕದಿಂದ ನಿಲ್ಲುವುದು. ಹಾಗಾಗಿ ಮಳೆ ಬಿದ್ದ ದಿನವನ್ನು ಬರೆದಿಟ್ಟುಕೊಂಡು ಎಂಟನೆಯ ದಿನ ಕೊಪ್ಪ, ನರಸಿಂಹರಾಜಪುರದ ಕಡೆ ಪರಿಚಯದ ತೋಟವೊಂದಕ್ಕೆ ಫೋನ್ ಮಾಡಿ ಕೇಳಿ. ಅರಳಿದ ಹೂ ಬಾಡಲು ಎರಡು ಮೂರು ದಿನ ಸಾಕು; ಭಾನುವಾರ ಬರಲಿ ಎಂದು ಕಾಯಬೇಡಿ, ರಜೆ ಹಾಕಿ ಹೋಗಿ. ಗಿಡಗಳ ಸಾಲಿನೊಳಗೆ ನುಗ್ಗುವ ಮುನ್ನ ತೋಟದವರನ್ನು ಕೇಳಿ, ಜೇನ್ನೊಣಗಳಿಗೆ ದಾರಿ ಬಿಟ್ಟು ನಿಲ್ಲಿ.